ಹಾಸನ–ಮಂಗಳೂರು ಹೆದ್ದಾರಿ: 48 ಹೇಗೆ 75 ಆಯ್ತು? ಮೊದಲು ಈ ದಾರಿ ಮಾಡಿದ್ದು ಯಾರು?

ಆಲೂರು_ಹಾಸನ:

ನಮಸ್ಕಾರ ಎಲ್ಲರಿಗೂ. ನಾನು ಆಲೂರಿನ ಕಡೆಯವನು, ಈಗ ಹಾಸನದಲ್ಲಿದ್ದೇನೆ. ಮಗಳು ಮಂಗಳೂರಿನಲ್ಲಿ ಓದುತ್ತಿದ್ದಾಳೆ, ಹಾಗಾಗಿ ಶಿರಾಡಿ ಘಾಟಿಯಲ್ಲಿ ಓಡಾಟ ಜಾಸ್ತಿ ಆಗಿದೆ. ಓಡಾಡುತ್ತಾ ತಲೆಯಲ್ಲಿ ಕೆಲವು ಪ್ರಶ್ನೆ ಕೂತಿವೆ. ತಿಳಿದವರು ಹೇಳಿ.

ಮೊದಲು ನಂಬರು. ನಾವು ಚಿಕ್ಕಂದಿನಿಂದ ಎನ್‌ಎಚ್ 48 ಅಂತಲೇ ಹೇಳಿಕೊಂಡು ಬಂದವರು. ಈಗಲೂ ಬಾಳ್ಳುಪೇಟೆಯಲ್ಲಿ ವಯಸ್ಸಾದವರನ್ನು ಕೇಳಿದರೆ 48 ಅಂತಲೇ ಅನ್ನುತ್ತಾರೆ. ಬೋರ್ಡಿನಲ್ಲಿ 75 ಇದೆ. ಬಿ.ಸಿ. ರೋಡ್ (ಬಂಟ್ವಾಳದ ಕ್ರಾಸ್) ದಾಟಿದ ಮೇಲೆ ಅದೇ ರಸ್ತೆಗೆ 73 ಅಂತ ಬೋರ್ಡು ಬರುತ್ತದೆ. ನಾವೇನು ತಿರುಗಿರುವುದಿಲ್ಲ, ನೇರ ಹೋಗುತ್ತಿರುತ್ತೇವೆ. ಯಾಕೆ ಹೀಗೆ?

ಆಮೇಲೆ, ಇದು ಎಷ್ಟು ಹಳೆಯ ದಾರಿ? ನಮ್ಮ ಮಾವ ಮೂಡಿಗೆರೆಯವರು. ಮಂಗಳೂರಿಗೆ ಹಳೆಯ ದಾರಿ ಅಂದರೆ ಚಾರ್ಮಾಡಿ, ಶಿರಾಡಿ ಆಮೇಲೆ ಬಂದದ್ದು ಅಂತ ಅವರ ವಾದ. ಆದರೆ ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆ ದೋಣಿಗಾಲ್ ಹತ್ತಿರ ಇದೇ ರಸ್ತೆಯ ನೆತ್ತಿ ಮೇಲಿದೆಯಲ್ಲ. ದಾರಿ ಇಲ್ಲದ ಕಡೆ ಯಾರಾದರೂ ಕೋಟೆ ಕಟ್ಟುತ್ತಾರಾ?

ಮೂರನೆಯದು ಪ್ರಶ್ನೆಗಿಂತ ಸಂಕಟ ಅನ್ನಿ. ಬೆಂಗಳೂರಿನಿಂದ ಹಾಸನದವರೆಗೆ ಕಾರು ನುಣ್ಣಗೆ ಬರುತ್ತದೆ. ಸಕಲೇಶಪುರ ದಾಟಿ ದೋಣಿಗಾಲ್ ಬಂತು ಅಂದರೆ ಎದೆ ಢವಢವ. ಪ್ರತಿ ಜುಲೈನಲ್ಲಿ ಇದೇ ಜಾಗ ಕುಸಿಯಬೇಕಾ? ಇಷ್ಟು ವರ್ಷ ಇಷ್ಟು ಕೆಲಸ ನಡೆದರೂ ಯಾಕೆ ನಿಲ್ಲುತ್ತಿಲ್ಲ? ಸುಮ್ನೆ ಬೈಯುವುದಕ್ಕೆ ಕೇಳುತ್ತಿಲ್ಲ, ನಿಜವಾದ ಕಾರಣ ಗೊತ್ತಾಗಬೇಕು.

ಕುಣಿಗಲ್_ರೋಡ್:

ನಂಬರಿನ ವಿಷಯ ನಾನು ಹೇಳುತ್ತೇನೆ, ಇತಿಹಾಸ ಗೊತ್ತಿರುವವರು ಮುಂದುವರಿಸಲಿ.

2010ರಲ್ಲಿ ಕೇಂದ್ರ ಸರ್ಕಾರ ಇಡೀ ದೇಶದ ರಾಷ್ಟ್ರೀಯ ಹೆದ್ದಾರಿಗಳಿಗೆ ಹೊಸ ನಂಬರು ಕೊಟ್ಟಿತು. ಅದಕ್ಕೆ ಒಂದು ಲೆಕ್ಕ ಇದೆ. ಪೂರ್ವ-ಪಶ್ಚಿಮ ಹೋಗುವ ರಸ್ತೆಗೆ ಬೆಸ ಸಂಖ್ಯೆ, ಉತ್ತರದಿಂದ ದಕ್ಷಿಣಕ್ಕೆ ಬಂದ ಹಾಗೆ ಸಂಖ್ಯೆ ಏರುತ್ತದೆ. ಉತ್ತರ-ದಕ್ಷಿಣ ಹೋಗುವುದಕ್ಕೆ ಸಮ ಸಂಖ್ಯೆ, ಪೂರ್ವದಿಂದ ಪಶ್ಚಿಮಕ್ಕೆ ಏರುತ್ತದೆ. ಹಾಗಾಗಿ ಕರಾವಳಿಯ ಹಳೆಯ 17 ಈಗ 66. ನಮ್ಮ 48 ಪೂರ್ವ-ಪಶ್ಚಿಮ, ಅದು ದಕ್ಷಿಣದಲ್ಲಿದೆ, ಅದಕ್ಕೇ 75. ಮೂರಂಕಿ ಇದ್ದರೆ ಕವಲು ರಸ್ತೆ ಅಂತ ಅರ್ಥ. ಮೈಸೂರು, ಮಡಿಕೇರಿ, ಪುತ್ತೂರು ಮೇಲೆ ಮಾಣಿಗೆ ಬಂದು ಸೇರುವ ರಸ್ತೆ 275. ಕೊನೆಯ ಎರಡಂಕಿ ನೋಡಿದರೆ ಯಾವುದರ ಕವಲು ಅಂತ ತಿಳಿಯುತ್ತದೆ. ಮೂಡಿಗೆರೆಯಿಂದ ಚಿಕ್ಕಮಗಳೂರು, ಕಡೂರು ಕಡೆ ಹೋಗುವ 173 ಮತ್ತು ನಿಮ್ಮ ಹಾಸನ–ಬೇಲೂರಿನ 373, ಎರಡೂ 73ರ ಮಕ್ಕಳು.

ಈಗ 75 ಅಂದರೆ ಬಂಟ್ವಾಳದಿಂದ ಶುರುವಾಗಿ ಹಾಸನ, ಬೆಂಗಳೂರು, ಕೋಲಾರ, ಮುಳಬಾಗಿಲು ದಾಟಿ ತಮಿಳುನಾಡಿನ ವೆಲ್ಲೂರಿನ ತನಕ. ಬಂಟ್ವಾಳದಿಂದ ಮಂಗಳೂರಿನ ತುಂಡು 73ರ ಲೆಕ್ಕಕ್ಕೆ ಹೋಯಿತು. ಆ 73 ಮಂಗಳೂರಿನಿಂದ ಹೊರಟು ಬೆಳ್ತಂಗಡಿ, ಉಜಿರೆ, ಚಾರ್ಮಾಡಿ, ಮೂಡಿಗೆರೆ, ಬೇಲೂರು, ಹಳೇಬೀಡು, ಬಾಣಾವರ, ಅರಸೀಕೆರೆ, ತಿಪಟೂರು ಆಗಿ ತುಮಕೂರಿಗೆ ಬರುತ್ತದೆ. ಎರಡೂ ರಸ್ತೆ ಸೇರುವುದು ಬಿ.ಸಿ. ರೋಡಿನಲ್ಲಿ. ಸೇರಿದ ಮೇಲೆ ಒಂದೇ ರಸ್ತೆಗೆ ಎರಡು ನಂಬರು ಯಾಕೆ ಅಂತ 73 ಒಂದನ್ನೇ ಇಟ್ಟಿದ್ದಾರೆ. ನಿಮಗೆ ನೇರ ಹೋದ ಹಾಗೆ ಕಂಡರೂ ಬೋರ್ಡು ಬದಲಾಗುವುದು ಅದಕ್ಕೆ.

ಒಂದು ಎಚ್ಚರಿಕೆ. 48 ಅನ್ನುವ ನಂಬರು ಹೋಗಿಲ್ಲ, ಅದನ್ನು ಬೇರೆ ರಸ್ತೆಗೆ ಕೊಟ್ಟಿದ್ದಾರೆ. ದೆಹಲಿಯಿಂದ ಜೈಪುರ, ಮುಂಬೈ, ಪುಣೆ, ಬೆಳಗಾವಿ, ಚಿತ್ರದುರ್ಗ, ತುಮಕೂರು, ಬೆಂಗಳೂರು ಮೇಲೆ ಚೆನ್ನೈಗೆ ಹೋಗುವುದು ಈಗಿನ 48. ನೆಲಮಂಗಲದಲ್ಲಿ ಎರಡೂ ಬೇರೆಯಾಗುತ್ತವೆ. ಹೊಸಬರು ಯಾರಾದರೂ "48 ಹಿಡಿದು ಹಾಸನಕ್ಕೆ ಬನ್ನಿ" ಅಂತ ಹಿರಿಯರು ಹೇಳಿದ್ದು ಕೇಳಿ ಬೋರ್ಡು ನೋಡಿಕೊಂಡು ಹೋದರೆ ನೇರ ತುಮಕೂರಿಗೆ ಹೋಗುತ್ತಾರೆ. ಎಡಕ್ಕೆ ಕುಣಿಗಲ್ ಕಡೆ ತಿರುಗಬೇಕು.

ದಾರಿ ಹೇಳಿಬಿಡುತ್ತೇನೆ. ನೆಲಮಂಗಲ, ಸೋಲೂರು, ಕುಣಿಗಲ್, ಎಡೆಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ, ಶಾಂತಿಗ್ರಾಮ, ಹಾಸನ, ಪಾಳ್ಯ, ಬಾಳ್ಳುಪೇಟೆ, ಸಕಲೇಶಪುರ, ದೋಣಿಗಾಲ್, ಮಾರನಹಳ್ಳಿ, ಗುಂಡ್ಯ, ನೆಲ್ಯಾಡಿ, ಉಪ್ಪಿನಂಗಡಿ, ಮಾಣಿ, ಕಲ್ಲಡ್ಕ, ಬಿ.ಸಿ. ರೋಡ್. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿ.ಮೀ. ಅದರಲ್ಲಿ ಅರ್ಧ ದಾರಿ ಹಾಸನಕ್ಕೆ ಮುಗಿಯುತ್ತದೆ. ನೆಲಮಂಗಲ–ದೇವಿಹಳ್ಳಿ ಒಂದು ಗುತ್ತಿಗೆ, ದೇವಿಹಳ್ಳಿ–ಹಾಸನ ಇನ್ನೊಂದು ಗುತ್ತಿಗೆ ಅಂತ ನಾಲ್ಕು ಪಥ ಮಾಡಿ ಟೋಲ್ ಹಾಕಿದ್ದಾರೆ. ಈ ಕಡೆ ಗುಡ್ಡ ಇಲ್ಲ, ಮಳೆ ಕಡಿಮೆ, ಕೆರೆ ಏರಿ ಮತ್ತು ತೆಂಗಿನ ತೋಟ ಬಿಟ್ಟರೆ ಅಡ್ಡ ಏನೂ ಇಲ್ಲ. ಅದಕ್ಕೇ ನುಣ್ಣಗಿದೆ.

ಹಾನುಬಾಳು_ತೋಟ:

ಆಲೂರಿನವರೇ, ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನಮ್ಮ ಮನೆಯಲ್ಲಿ ಈ ರಸ್ತೆಯ ಮಾತಿಲ್ಲದ ದಿನ ಇಲ್ಲ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ನನ್ನ ಅಭಿಪ್ರಾಯದಲ್ಲಿ ಇದು ಹಾಸನದ ರಸ್ತೆಯೂ ಅಲ್ಲ, ಸಕಲೇಶಪುರದ ರಸ್ತೆಯೂ ಅಲ್ಲ. ಮಂಗಳೂರು ಬಂದರಿನ ರಸ್ತೆ. ಮೊದಲಿನಿಂದಲೂ ಹಾಗೇ. ಬಂದರಿಗೆ ಏನು ಇಳಿಯಬೇಕು, ಅಲ್ಲಿಂದ ಏನು ಹತ್ತಬೇಕು ಅನ್ನುವುದರ ಮೇಲೆ ಈ ದಾರಿಯ ಹಣೆಬರಹ ಬದಲಾಗುತ್ತಾ ಬಂದಿದೆ. ಊರುಗಳು ಮಧ್ಯೆ ಸಿಕ್ಕಿಕೊಂಡಿವೆ.

ಹೈದರಾಲಿ 1763ರಲ್ಲಿ ಬಿದನೂರು ಗೆದ್ದ ಮೇಲೆ ಮಂಗಳೂರು ಅವನ ಕೈಗೆ ಬಂತು. ಶ್ರೀರಂಗಪಟ್ಟಣಕ್ಕೆ ಸಮುದ್ರ ಸಿಕ್ಕಿತು. ಆಮೇಲೆ ಅಪ್ಪ-ಮಗ ಇಬ್ಬರಿಗೂ ಇಂಗ್ಲಿಷರ ಜೊತೆ ಜಗಳ ಎಲ್ಲಾ ಆ ಬಂದರಿನ ಸುತ್ತಮುತ್ತ. 1784ರ ಒಪ್ಪಂದ ಆಗಿದ್ದೂ ಮಂಗಳೂರಿನಲ್ಲೇ. ರಾಜಧಾನಿಯಿಂದ ಬಂದರಿಗೆ ಹೋಗುವ ದಾರಿ ಎಲ್ಲಿ ಘಟ್ಟ ಇಳಿಯುತ್ತದೋ ಅಲ್ಲಿ ಕಾವಲು ಬೇಕಿತ್ತು. 1792ರಲ್ಲಿ ಟಿಪ್ಪು ಮಂಜರಾಬಾದ್ ಕೋಟೆ ಮುಗಿಸಿದ್ದು ಅದಕ್ಕೆ. ಎಂಟು ಮೂಲೆಯ ನಕ್ಷತ್ರದ ಆಕಾರ, ಫ್ರೆಂಚರ ಕೋಟೆ ವಿದ್ಯೆ. ಮೂಲೆಗಳು ಹೊರಗೆ ಚಾಚಿಕೊಂಡಿರುವುದರಿಂದ ಯಾವ ಗೋಡೆಯ ಬುಡಕ್ಕೆ ಶತ್ರು ಬಂದರೂ ಪಕ್ಕದ ಮೂಲೆಯಿಂದ ಗುಂಡು ಹೊಡೆಯಬಹುದು. ಮೇಲೆ ಹತ್ತಿ ಪಶ್ಚಿಮದ ಗೋಡೆ ಹತ್ತಿರ ನಿಂತು ನೋಡಿ. ಕೆಳಗೆ ಘಾಟಿಯ ಕಣಿವೆ ಪೂರ್ತಿ ಕಾಣುತ್ತದೆ. ಮಂಜಿಲ್ಲದ ದಿನ ದೂರದಲ್ಲಿ ಸಮುದ್ರದ ಗೆರೆಯೂ ಕಾಣುತ್ತದೆ. ಯಾರು ಹತ್ತಿ ಬಂದರೂ ಮೇಲಿನವರಿಗೆ ಮೊದಲೇ ಗೊತ್ತಾಗುತ್ತಿತ್ತು. ನೀವು ಕೇಳಿದ ಹಾಗೆ, ದಾರಿ ಇತ್ತು, ಅದಕ್ಕೇ ಕೋಟೆ ಬಂತು.

ಆದರೆ ದಾರಿ ಅಂದರೆ ಈಗಿನ ರಸ್ತೆ ಅಂತ ತಿಳಿಯಬೇಡಿ. ಹೇರಿನ ಎತ್ತು, ಕುದುರೆ, ಆಳು ಇಳಿಯುವಂಥ ದಾರಿ. ನಮ್ಮ ಐಗೂರು ಪಾಳೇಗಾರರು ಕಾಡೇ ರಕ್ಷಣೆ ಅಂತ ನಂಬಿ ಬಾಳಿದವರು. 1799ರಲ್ಲಿ ಟಿಪ್ಪು ಸತ್ತ ಮೇಲೂ ಬಲಂ ಸೀಮೆಯ (ಮಂಜರಾಬಾದ್, ಅಂದರೆ ಈಗಿನ ಸಕಲೇಶಪುರದ ಕಡೆಗೆ ಇದ್ದ ಹಳೆಯ ಹೆಸರು) ವೆಂಕಟಾದ್ರಿ ನಾಯಕ ಇಂಗ್ಲಿಷರಿಗೆ ಬಗ್ಗಲಿಲ್ಲ. 1802ರಲ್ಲಿ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದವನು, ತಾನೇ ಸೈನ್ಯ ತಂದು ಅವನನ್ನು ಹಿಡಿದು ಗಲ್ಲಿಗೆ ಹಾಕಿಸಿದ. ಈ ಕಾಡಿನ ಮೇಲೆ, ಈ ಘಾಟಿಯ ಬಾಯಿಯ ಮೇಲೆ ಹಿಡಿತ ಎಷ್ಟು ಮುಖ್ಯ ಆಗಿತ್ತು ಅಂತ ಇದರಿಂದಲೇ ಗೊತ್ತಾಗುತ್ತದೆ.

ಗಾಡಿ ಇಳಿಯುವ ರಸ್ತೆ ಆಗಿದ್ದು 19ನೇ ಶತಮಾನದಲ್ಲಿ. ಕಾರಣ ಕಾಫಿ. 1840ರ ದಶಕದಿಂದ ಮಂಜರಾಬಾದಿಗೆ ಯುರೋಪಿನ ಪ್ಲಾಂಟರ್‌ಗಳು ಬಂದರು. ಮೈಸೂರು ರಾಜ್ಯದ ಆಡಳಿತ ಆಗ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು, ಮಾರ್ಕ್ ಕಬ್ಬನ್ ಕಾಲ. ರಸ್ತೆ, ಸೇತುವೆ ಕೆಲಸ ಜೋರಾಗಿ ನಡೆಯಿತು. ಕಾಫಿ ಬೀಜ ಸಂಸ್ಕರಣೆ ಆಗಬೇಕಿದ್ದರೆ ಮಂಗಳೂರಿನ ಕ್ಯೂರಿಂಗ್ ಕಾರ್ಖಾನೆಗೆ ಹೋಗಬೇಕು, ಅಲ್ಲಿಂದ ಹಡಗಿಗೆ. ಇಳಿಯುವಾಗ ಕಾಫಿ, ಮೆಣಸು, ಏಲಕ್ಕಿ. ಹತ್ತುವಾಗ ಉಪ್ಪು, ಒಣಮೀನು, ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಸಕಲೇಶಪುರದ ಹಳೆಯ ಬಂಗಲೆಗಳ ಮಾಡಿನಿಂದ ಒಂದು ಹೆಂಚು ತೆಗೆದು ತಿರುಗಿಸಿ ನೋಡಿ, ಮಂಗಳೂರಿನ ಅಚ್ಚು ಕಾಣುತ್ತದೆ. ಆ ಹೆಂಚೆಲ್ಲಾ ಎತ್ತಿನ ಗಾಡಿಯಲ್ಲಿ ಘಾಟಿ ಹತ್ತಿದ್ದು.

ಇನ್ನೊಂದು ಮಾತು, ಇದನ್ನು ಬಹಳ ಜನ ಮರೆತಿದ್ದಾರೆ. ಈಗ ನಾವು ಒಂದೇ ರಾಜ್ಯದ ಹೆದ್ದಾರಿ ಅಂತೀವಿ. ಟಿಪ್ಪು ಸತ್ತ ಮೇಲೆ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯಕ್ಕೆ ಹೋಯಿತು. ಘಟ್ಟದ ಮೇಲೆ ಮೈಸೂರು, ಕೆಳಗೆ ಮದರಾಸು. 1956ರ ನವೆಂಬರ್ 1ರ ತನಕ ಹಾಗೇ ಇತ್ತು. ನೂರೈವತ್ತು ವರ್ಷಕ್ಕೂ ಜಾಸ್ತಿ ಕಾಲ ಘಾಟಿಯ ನಡುವೆಯೇ ಗಡಿ. ಮೇಲಿನ ರಸ್ತೆ ಒಬ್ಬರ ಜವಾಬ್ದಾರಿ, ಕೆಳಗಿನದು ಇನ್ನೊಬ್ಬರದು. ಈಗಲೂ ಕೆಲಸ ತುಂಡು ತುಂಡಾಗಿ, ಹಾಸನದ ಕಡೆ ಒಂದು, ಮಂಗಳೂರಿನ ಕಡೆ ಒಂದು ಅಂತ ನಡೆಯುವುದನ್ನು ನೋಡಿದರೆ ಆ ಗಡಿ ಪೂರ್ತಿ ಅಳಿಸಿಲ್ಲ ಅಂತ ನನಗೆ ಅನ್ನಿಸುತ್ತದೆ.

ಕೊಟ್ಟಿಗೆಹಾರ:

ಮಾವನವರ ಪರವಾಗಿ ನಾನು ಮಾತಾಡಬೇಕು :)

ಅವರು ಹೇಳುವುದರಲ್ಲಿ ನಿಜ ಇದೆ. ಮೂಡಿಗೆರೆ, ಬೇಲೂರು, ಚಿಕ್ಕಮಗಳೂರಿನ ಗಾಡಿಗಳಿಗೆ ಸಮುದ್ರದ ದಾರಿ ಅಂದರೆ ಚಾರ್ಮಾಡಿನೇ. ಬಾಬಾಬುಡನ್‌ಗಿರಿಯ ಕಾಫಿ ಸಕಲೇಶಪುರಕ್ಕೆ ಸುತ್ತಿ ಬಂದು ಇಳಿಯಬೇಕಾ? ನಮ್ಮ ಸೀಮೆಯವರಿಗೆ ಇದು ಹಳೆಯ ದಾರಿ, ಮಂಜರಾಬಾದಿನವರಿಗೆ ಅದು ಹಳೆಯ ದಾರಿ. ಧರ್ಮಸ್ಥಳಕ್ಕೆ ಹೋಗುವವರೂ ಇಲ್ಲೇ ಇಳಿಯುತ್ತಿದ್ದರು, ಈಗಲೂ ಇಳಿಯುತ್ತಾರೆ. ಘಾಟಿಯಲ್ಲಿ ಅಣ್ಣಪ್ಪಸ್ವಾಮಿ ಗುಡಿ ಹತ್ತಿರ ಗಾಡಿ ನಿಲ್ಲಿಸಿ ಕೈಮುಗಿಯದೆ ಮುಂದೆ ಹೋಗುವ ಡ್ರೈವರ್ ಕಡಿಮೆ.

ಎರಡು ಘಾಟಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಶಿರಾಡಿ ಕೆಂಪುಹೊಳೆಯ ಪಕ್ಕದಲ್ಲಿ ಕಣಿವೆ ಹಿಡಿದು ಇಳಿಯುತ್ತದೆ. ತಿರುವು ಇದೆ, ಆದರೆ ಲಾರಿ ತಿರುಗಿಸುವಷ್ಟು ಜಾಗ ಸಿಗುತ್ತದೆ. ಚಾರ್ಮಾಡಿ ಹಾಗಲ್ಲ. ಗುಡ್ಡದ ಮುಖದ ಮೇಲೇ ಹೇರ್‌ಪಿನ್ ತಿರುವು ಹಾಕಿ ಇಳಿಸಿದ್ದಾರೆ, ಒಂದು ಕಡೆ ಬಂಡೆ, ಒಂದು ಕಡೆ ಪ್ರಪಾತ. ಉದ್ದದ ಲಾರಿ ತಿರುಗಬೇಕಾದರೆ ಎದುರಿನ ಗಾಡಿ ನಿಲ್ಲಲೇಬೇಕು. ಹಾಗಾಗಿ ದೊಡ್ಡ ಸಾಗಣೆ ಎಲ್ಲಾ ಶಿರಾಡಿಗೆ ಹೋಯಿತು. ಚಾರ್ಮಾಡಿ ಮೊದಲು 234 ಅಂತ ರಾಷ್ಟ್ರೀಯ ಹೆದ್ದಾರಿ ಆಗಿತ್ತು, ಆಮೇಲೆ 73 ಆಯಿತು. ಹೆಸರು ಹೆದ್ದಾರಿ ಆದರೂ ಘಾಟಿಯ ಅಗಲ ಎಷ್ಟೋ ಕಡೆ ಅಷ್ಟೇ.

2019ರ ಆಗಸ್ಟ್ ನಮ್ಮ ಕಡೆ ಯಾರೂ ಮರೆಯುವುದಿಲ್ಲ. ಗುಡ್ಡ ಒಂದು ಕಡೆ ಅಲ್ಲ, ಸಾಲಾಗಿ ಜಾರಿತು. ತಿಂಗಳುಗಟ್ಟಲೆ ರಸ್ತೆ ಬಂದ್. ಕೊಟ್ಟಿಗೆಹಾರದಲ್ಲಿ ನೀರುದೋಸೆ ಹೋಟೆಲುಗಳು ಘಾಟಿಯ ಓಡಾಟ ನಂಬಿ ಬದುಕುವಂಥವು. ಸಂಜೆ ಮಂಜು ಇಳಿಯುವ ಹೊತ್ತಿಗೆ ಹೆಂಚಿನ ಮುಂದೆ ಜಾಗ ಇರುತ್ತಿರಲಿಲ್ಲ, ಆ ವರ್ಷ ಒಲೆ ಹಚ್ಚುವುದಕ್ಕೂ ಜನ ಯೋಚಿಸುತ್ತಿದ್ದರು. ಆಮೇಲೆ ಚಿಕ್ಕ ವಾಹನ ಬಿಟ್ಟರು, ಭಾರಿ ಲಾರಿಗಳಿಗೆ ನಿರ್ಬಂಧ ಉಳಿಯಿತು.

ದಯವಿಟ್ಟು ಒಂದು ವಿಷಯ ತಿಳಿದುಕೊಳ್ಳಿ. ಶಿರಾಡಿ ಮುಚ್ಚಿದಾಗ ಎಲ್ಲರೂ "ಚಾರ್ಮಾಡಿ ಇದೆಯಲ್ಲ" ಅಂತಾರೆ. ಅಲ್ಲಿ ಕುಸಿಯುವಷ್ಟು ಮಳೆ ಬಂದಿದ್ದರೆ ಇಲ್ಲೂ ಬಂದಿರುತ್ತದೆ. ಇದು ಬದಲಿ ರಸ್ತೆ ಅಲ್ಲ. ಇದಕ್ಕೂ ಅದರಷ್ಟೇ ಕಾಳಜಿ ಬೇಕು.

ಆಲೂರು_ಹಾಸನ:

ಎಲ್ಲರಿಗೂ ಧನ್ಯವಾದ. ಗಡಿಯ ವಿಷಯ ಕೇಳಿ ಆಶ್ಚರ್ಯ ಆಯಿತು. ಮಾವನಿಗೆ ಓದಿ ಹೇಳುತ್ತೇನೆ.

ಆದರೆ ಮೂರನೇ ಪ್ರಶ್ನೆ ಹಾಗೇ ಉಳಿಯಿತು. ಎತ್ತಿನ ಗಾಡಿ ಕಾಲದಿಂದ ನಿಂತಿದ್ದ ರಸ್ತೆ ಈಗ ಯಾಕೆ ಕುಸಿಯುತ್ತಿದೆ? ಹಿಂದೆಯೂ ಮಳೆ ಇತ್ತಲ್ಲ, ಈಗಿನದಕ್ಕಿಂತ ಜಾಸ್ತಿನೇ ಇತ್ತು ಅಂತ ಹಿರಿಯರು ಹೇಳುತ್ತಾರೆ.

ಬಾಳ್ಳುಪೇಟೆ_ಲಾರಿ:

ಇದಕ್ಕೆ ನಾನು ಉತ್ತರ ಕೊಡುತ್ತೇನೆ. ಲಾರಿ ಓಡಿಸಿದವನು ನಾನು. ಈಗ ಬಿಟ್ಟಿದ್ದೇನೆ.

ಹಾನುಬಾಳಿನವರು ಬಂದರಿನ ರಸ್ತೆ ಅಂದರಲ್ಲ, ನೂರಕ್ಕೆ ನೂರು ನಿಜ. ಪಣಂಬೂರಿನಲ್ಲಿ ನವ ಮಂಗಳೂರು ಬಂದರು ಆಗಿದ್ದು 1970ರ ದಶಕದಲ್ಲಿ. ದೊಡ್ಡ ಹಡಗು ಬರುವ ಹಾಗಾಯಿತು. ಹಾಸನ–ಮಂಗಳೂರು ರೈಲು 1979ರಲ್ಲಿ ಬಂತು, ಮೀಟರ್ ಗೇಜ್. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿಗೆ 55 ಕಿ.ಮೀ. ಒಳಗೆ 57 ಸುರಂಗ ಕೊರೆದ ಲೈನ್ ಅದು. ಸ್ವಲ್ಪ ಭಾರ ಅದು ಹೊತ್ತಿತು.

ಆಮೇಲೆ ಏನಾಯಿತು ನೋಡಿ. 1996ರಲ್ಲಿ ಬ್ರಾಡ್ ಗೇಜ್ ಮಾಡುತ್ತೇವೆ ಅಂತ ಘಾಟಿಯಲ್ಲಿ ರೈಲು ನಿಲ್ಲಿಸಿದರು. ಗೂಡ್ಸ್ ರೈಲು ಮತ್ತೆ ಓಡಿದ್ದು 2006ರಲ್ಲಿ, ಪ್ಯಾಸೆಂಜರ್ 2007ರ ಡಿಸೆಂಬರಿನಲ್ಲಿ. ಹತ್ತು ವರ್ಷ ರೈಲಿಲ್ಲ. ಅದೇ ಹತ್ತು ವರ್ಷದಲ್ಲಿ ಮಂಗಳೂರಿನ ರಿಫೈನರಿ ಉತ್ಪಾದನೆ ಶುರುವಾಗಿ ಟ್ಯಾಂಕರ್ ಬಂದವು. ಅದರ ಹಿಂದೆಯೇ ಬಳ್ಳಾರಿ ಕಡೆಯ ಅದಿರು. ಸೊಂಡೂರು, ಹೊಸಪೇಟೆಯಿಂದ ಬಂದರಿಗೆ ಅದಿರು ಲಾರಿ ಸಾಲು. ಪರ್ಮಿಟ್‌ಗಿಂತ ಎಷ್ಟು ಜಾಸ್ತಿ ತುಂಬುತ್ತಿದ್ದರು ಅಂತ ಲೋಡ್ ಮಾಡಿದವರಿಗೆ ಗೊತ್ತು. ಮಾರನಹಳ್ಳಿ ಕೆಳಗೆ ರಸ್ತೆಯಲ್ಲಿ ಡಾಂಬರು ಅನ್ನುವುದೇ ಇರಲಿಲ್ಲ. ಕೆಂಪು ಕೆಸರು, ಅದರೊಳಗೆ ಕಲ್ಲು. ಚಕ್ರ ಎಲ್ಲಿ ಇಳಿಯುತ್ತದೆ ಅಂತ ಕಾಣುತ್ತಿರಲಿಲ್ಲ, ಕ್ಲೀನರ್ ಇಳಿದು ಮುಂದೆ ಕೋಲು ಹಾಕಿ ಆಳ ನೋಡಿಕೊಂಡು ಹೋಗುತ್ತಿದ್ದ. ಒಂದು ಲಾರಿಯ ಆಕ್ಸಲ್ ಮುರಿದರೆ ಹಿಂದೆ ಗುಂಡ್ಯದ ತನಕ ಸಾಲು. ರಾತ್ರಿ ಊಟ ಇಲ್ಲ. ಬಸ್ಸಿನಲ್ಲಿ ಮಕ್ಕಳು ಅಳುತ್ತಿರುವುದು ಕೇಳಿಸುತ್ತಿತ್ತು. ನಮ್ಮ ಹತ್ತಿರ ಇದ್ದ ಅವಲಕ್ಕಿ ಕೊಟ್ಟಿದ್ದೇವೆ.

2003ರಲ್ಲಿ ಮಂಗಳೂರು–ಹಾಸನ–ಬೆಂಗಳೂರು ತೈಲ ಪೈಪ್‌ಲೈನ್ ಬಂತು, ಟ್ಯಾಂಕರ್ ಸ್ವಲ್ಪ ಕಡಿಮೆ ಆದವು. ಗ್ಯಾಸಿನ ಬುಲೆಟ್ ಟ್ಯಾಂಕರ್ ಮಾತ್ರ ಮುಂದುವರಿದವು. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರ ಪೆರ್ನೆಯಲ್ಲಿ ಟ್ಯಾಂಕರ್ ಉರುಳಿ ಬೆಂಕಿ ಹತ್ತಿ ಎಷ್ಟು ಜನ ಸತ್ತರು. ಆ ಜಾಗ ದಾಟುವಾಗ ಈಗಲೂ ನನ್ನ ಕಾಲು ಬ್ರೇಕಿನ ಮೇಲೇ ಇರುತ್ತದೆ. 2010ರಲ್ಲಿ ಅದಿರು ರಫ್ತು ನಿಂತ ಮೇಲೆ ರಸ್ತೆಗೆ ಸ್ವಲ್ಪ ಉಸಿರು ಬಂತು.

ಎತ್ತಿನ ಗಾಡಿಗೆ ಅಂತ ಹಾಕಿದ ದಾರಿ, ಅದರ ಮೇಲೆ ಬಂದರಿನ ಭಾರ ಪೂರ್ತಿ. ದಾರಿ ಬದಲಾಗಲಿಲ್ಲ, ಭಾರ ಮಾತ್ರ ಬದಲಾಯಿತು.

ಇಳಿಜಾರು:

ನಾನು ಸಿವಿಲ್ ಓದಿದವನು, ಇಂಥ ರಸ್ತೆಗಳಲ್ಲಿ ಕೆಲಸ ಮಾಡಿದ್ದೇನೆ, ಈ ರಸ್ತೆಯಲ್ಲಿ ಅಲ್ಲ. ಲಾರಿಯಣ್ಣ ಹೇಳಿದ್ದು ರಸ್ತೆಯ ಮೇಲ್ಮೈ ಹಾಳಾದ ಕಥೆ. ಗುಡ್ಡ ಕುಸಿಯುವುದು ಬೇರೆ ಕಥೆ. ಇವೆರಡನ್ನೂ ಒಂದೇ ಅಂತ ನೋಡಿದರೆ ಪರಿಹಾರ ಸಿಗುವುದಿಲ್ಲ.

ಮೇಲ್ಮೈಗೆ ಮದ್ದು ಸಿಕ್ಕಿದೆ. ಡಾಂಬರಿಗೆ ನೀರು ಆಗುವುದಿಲ್ಲ. ಘಾಟಿಯಲ್ಲಿ ಮಳೆ ನೀರು ಮೇಲಿನಿಂದ ಮಾತ್ರ ಅಲ್ಲ, ಗುಡ್ಡದ ಒಳಗಿನಿಂದ ಜಿನುಗಿ ರಸ್ತೆಯ ಅಡಿಗೂ ಬರುತ್ತದೆ. ಅದಕ್ಕೇ ಕಾಂಕ್ರೀಟ್ ಹಾಕಿದರು. 2015ರಲ್ಲಿ ಘಾಟಿ ಮುಚ್ಚಿ ಹೆಗ್ಗದ್ದೆಯಿಂದ ಕೆಂಪುಹೊಳೆವರೆಗೆ ಸುಮಾರು 13 ಕಿ.ಮೀ. 2018ರ ಜನವರಿಯಿಂದ ಜುಲೈವರೆಗೆ ಮತ್ತೆ ಮುಚ್ಚಿ ಕೆಂಪುಹೊಳೆಯಿಂದ ಅಡ್ಡಹೊಳೆಗೆ ಉಳಿದ 12 ಕಿ.ಮೀ. ಚಿಲ್ಲರೆ. ಆ ಕಾಂಕ್ರೀಟ್ ಚೆನ್ನಾಗಿಯೇ ಇದೆ.

ಆದರೆ 2018ರಲ್ಲಿ ಬಿಟ್ಟ ಮುಂದಿನ ತಿಂಗಳೇ, ಆಗಸ್ಟ್‌ನಲ್ಲಿ, ಗುಡ್ಡ ಕುಸಿದು ಮತ್ತೆ ಮುಚ್ಚಿದರು. ಅದೇ ವಾರ ಸಂಪಾಜೆ ಕಡೆ ಜೋಡುಪಾಲ, ಮದೆನಾಡು ಕುಸಿದವು. 2021ರ ಜುಲೈನಲ್ಲಿ ದೋಣಿಗಾಲ್ ಹತ್ತಿರ ರಸ್ತೆಯ ಅಂಚೇ ಕೆಳಗೆ ಹೋಯಿತು, 2022ರಲ್ಲೂ ಅಲ್ಲೇ. 2024ರ ಜುಲೈನಲ್ಲಿ ದೊಡ್ಡತಪ್ಪಲು. ಅದೇ ತಿಂಗಳು ಕಡಗರವಳ್ಳಿ–ಎಡಕುಮೇರಿ ಮಧ್ಯೆ ರೈಲು ಹಳಿಯ ಅಡಿಯ ಮಣ್ಣು ಜಾರಿತು.

ಕಾರಣ ಸರಳವಾಗಿ ಹೇಳುತ್ತೇನೆ. ಇಲ್ಲಿ ಕೆಳಗೆ ಗಟ್ಟಿ ಬಂಡೆ. ಮೇಲೆ ಅದೇ ಬಂಡೆ ಸಾವಿರಾರು ವರ್ಷ ಮಳೆಗೆ ಕೊಳೆತು ಮಣ್ಣಾದ ದಪ್ಪ ಪದರ. ಮಣ್ಣಿನೊಳಗೆ ಇಳಿದ ನೀರು ಬಂಡೆ ಸಿಕ್ಕಿದ ಕೂಡಲೇ ನಿಂತು ಪಕ್ಕಕ್ಕೆ ಹರಿಯುತ್ತದೆ. ಅಲ್ಲಿ ಜಾರುವ ಪದರ ಆಗುತ್ತದೆ. ಇಷ್ಟು ದಿನ ಮೇಲಿನ ಮಣ್ಣನ್ನು ಹಿಡಿದಿದ್ದು ಎರಡು: ಮರದ ಬೇರು ಮತ್ತು ಇಳಿಜಾರಿನ ಬುಡ. ರಸ್ತೆ ಅಗಲ ಮಾಡುವಾಗ ನಾವು ಬುಡ ಕತ್ತರಿಸುತ್ತೇವೆ. ಅದೂ ನೆಟ್ಟಗೆ, ಗೋಡೆ ಕತ್ತರಿಸಿದ ಹಾಗೆ, ಯಾಕೆಂದರೆ ನೆಟ್ಟಗೆ ಕತ್ತರಿಸಿದರೆ ಕಡಿಮೆ ಜಾಗ ಸಾಕು. ಕಾಫಿ ತೋಟದ ಭೂಮಿ ಜಾಸ್ತಿ ವಶ ಮಾಡಿಕೊಳ್ಳಬೇಕಿಲ್ಲ, ಕಾಡಿನ ಅನುಮತಿ ಜಾಸ್ತಿ ಬೇಕಿಲ್ಲ. ಬೇಸಿಗೆಯಲ್ಲಿ ಕತ್ತರಿಸಿದ ಮಣ್ಣು ಒಣಗಿ ಗಟ್ಟಿಯಾಗಿ ನಿಂತಿರುತ್ತದೆ, ನೋಡಿದವರಿಗೆ ಇದು ಬೀಳುವುದಿಲ್ಲ ಅನ್ನಿಸುತ್ತದೆ. ಜುಲೈನಲ್ಲಿ ನೀರು ಕುಡಿದು ತೂಕ ಏರಿದ ಮೇಲೆ ಬೀಳುತ್ತದೆ.

ಮುಂದಿನ ಸಲ ಹೋಗುವಾಗ ಕತ್ತರಿಸಿದ ಗುಡ್ಡದ ಮುಖವನ್ನು ಸ್ವಲ್ಪ ಗಮನಿಸಿ. ಮೇಲಿಂದ ಮೊದಲು ಕಪ್ಪು ಮಣ್ಣು ಒಂದೆರಡು ಅಡಿ, ಬೇರು ಜೋತುಬಿದ್ದಿರುತ್ತದೆ. ಅದರ ಕೆಳಗೆ ಕೆಂಪು, ಆಮೇಲೆ ಹಳದಿ-ಬಿಳಿ ಮಿಶ್ರ, ಮುಟ್ಟಿದರೆ ಪುಡಿ ಆಗುವಂಥದ್ದು. ಆ ಬಿಳಿ ಪದರದ ಕೆಳ ಅಂಚಿನಲ್ಲಿ ಸಾಲಾಗಿ ಒದ್ದೆ ಕಲೆ ಕಂಡರೆ ನೀರು ಅಲ್ಲಿಂದ ಹೊರಬರುತ್ತಿದೆ ಅಂತ ಅರ್ಥ. ಅಂಥ ಕಡೆ ಗಾಡಿ ನಿಲ್ಲಿಸಬೇಡಿ.

ಏನು ಮಾಡಬೇಕು ಅನ್ನುವುದೂ ಗೊತ್ತಿಲ್ಲದ ವಿಷಯ ಅಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಬೇಕು. ಪ್ರತಿ ಮೆಟ್ಟಿಲಿಗೂ ಚರಂಡಿ ಬೇಕು. ಗುಡ್ಡದ ನೆತ್ತಿಯಲ್ಲೇ ನೀರು ಹಿಡಿದು ಪಕ್ಕಕ್ಕೆ ಬಿಡಬೇಕು. ತಡೆಗೋಡೆಗೆ ನೀರು ಹೊರಬರುವ ತೂತು ಸಾಕಷ್ಟು ಇರಬೇಕು, ಇಲ್ಲದಿದ್ದರೆ ಗೋಡೆ ಹಿಂದೆ ನೀರು ನಿಂತು ಗೋಡೆಯನ್ನೇ ತಳ್ಳುತ್ತದೆ. ಇದಕ್ಕೆ ಜಾಗ ಬೇಕು, ದುಡ್ಡು ಬೇಕು, ಮುಖ್ಯವಾಗಿ ಎರಡು-ಮೂರು ಮಳೆಗಾಲದ ತಾಳ್ಮೆ ಬೇಕು. ಸುರಂಗದ ಮಾತು ವರ್ಷಗಳಿಂದ ಇದೆ. ಸುರಂಗ ಬಂದರೂ ಈ ಇಳಿಜಾರು ಸರಿ ಮಾಡದೆ ಬಿಡುವ ಹಾಗಿಲ್ಲ, ಯಾಕೆಂದರೆ ಅಪಾಯದ ಸಾಮಾನು ಹೊತ್ತ ಲಾರಿಗಳನ್ನು ಉದ್ದದ ಸುರಂಗದೊಳಗೆ ಸುಲಭವಾಗಿ ಬಿಡುವುದಿಲ್ಲ. ಗ್ಯಾಸ್ ಟ್ಯಾಂಕರಿಗೆ ಹೊರಗಿನ ರಸ್ತೆ ಬೇಕೇ ಬೇಕು.

ಹಾನುಬಾಳು_ತೋಟ:

ಇಳಿಜಾರು ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನೆಟ್ಟಗೆ ಕತ್ತರಿಸಿದರೆ ತೋಟ ಉಳಿಯುತ್ತದೆ ಅಂತ ನಮ್ಮ ಕಡೆಯವರೂ ಆಗ ಸುಮ್ಮನಿದ್ದರು. ತೋಟ ಉಳಿಯಲಿಲ್ಲ. ಕತ್ತರಿಸಿದ ಅಂಚಿನ ಮೇಲಿದ್ದ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿ ಸಮೇತ ಎಷ್ಟೋ ಜನರದು ರಸ್ತೆಗೆ ಬಂದು ಬಿದ್ದಿವೆ. ವಶ ಮಾಡಿಕೊಂಡ ಜಾಗಕ್ಕೆ ಪರಿಹಾರ ಸಿಗುತ್ತದೆ, ಜಾರಿ ಹೋದ ಜಾಗಕ್ಕೆ ಕಚೇರಿ ಅಲೆಯಬೇಕು. ಜಾಗ ಜಾಸ್ತಿ ತೆಗೆದುಕೊಳ್ಳಿ, ಸರಿಯಾಗಿ ಕತ್ತರಿಸಿ ಅಂತ ಈಗ ನಾವೇ ಕೇಳುತ್ತಿದ್ದೇವೆ.

ಇನ್ನೊಂದು, ನೀರಿನ ಲೆಕ್ಕ. ಸಕಲೇಶಪುರದಲ್ಲಿ ನೀವು ದಾಟುವ ಹೇಮಾವತಿ ಗೊರೂರಿಗೆ ಹೋಗಿ ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅಲ್ಲಿಂದ ಸ್ವಲ್ಪ ದೂರ, ದೋಣಿಗಾಲ್ ದಾಟಿದ ಮೇಲೆ ಬಿದ್ದ ಹನಿ ಕೆಂಪುಹೊಳೆ, ಕುಮಾರಧಾರಾ, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. 900 ಮೀಟರ್‌ಗಿಂತ ಎತ್ತರದ ಊರಿನಿಂದ ಇಷ್ಟೇ ದೂರದಲ್ಲಿ ಮುಕ್ಕಾಲು ಕಿಲೋಮೀಟರಿನಷ್ಟು ಇಳಿಯಬೇಕು, ರಸ್ತೆಗೂ ನೀರಿಗೂ. ಇಬ್ಬರಿಗೂ ಇರುವುದು ಒಂದೇ ಕಣಿವೆ. ಈಗ ಅದೇ ಕಣಿವೆಯ ಮೇಲ್ಭಾಗದಲ್ಲಿ ಎತ್ತಿನಹೊಳೆ ಯೋಜನೆಯ ಪೈಪು, ಅಗೆತ. ಹೆದ್ದಾರಿ, ರೈಲು, ತೈಲದ ಪೈಪು, ನೀರಿನ ಪೈಪು ಎಲ್ಲಾ ಇದೇ ಗುಡ್ಡಗಳ ಮೇಲೆ. ಒಂದೊಂದನ್ನೂ ಒಂದೊಂದು ಇಲಾಖೆ ನೋಡುತ್ತದೆ. ಗುಡ್ಡವನ್ನು ನೋಡುವವರು ಬೇಕು.

ಆಲೂರು_ಹಾಸನ:

ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಹಾಗಾದರೆ ಜುಲೈ-ಆಗಸ್ಟ್‌ನಲ್ಲಿ ಮಗಳನ್ನು ಕರೆದುಕೊಂಡು ಬರಬೇಕಾದರೆ ಏನು ಮಾಡಲಿ? ಬಿಸಿಲೆ ಘಾಟಿ ಮೇಲೆ ಸುಬ್ರಹ್ಮಣ್ಯಕ್ಕೆ ಇಳಿಯಬಹುದಾ?

ಬಾಳ್ಳುಪೇಟೆ_ಲಾರಿ:

ಮಳೆಗಾಲದಲ್ಲಿ ಬಿಸಿಲೆ ಬೇಡ. ಕಿರಿದು, ಪೂರ್ತಿ ಕಾಡು, ಮರ ಬಿದ್ದರೆ ತೆಗೆಯುವವರು ಬರುವುದಕ್ಕೆ ಹೊತ್ತಾಗುತ್ತದೆ, ಫೋನ್ ಸಿಗ್ನಲ್ ಸರಿ ಇಲ್ಲ.

ಹಗಲಲ್ಲಿ ಹೊರಡಿ. ಬೆಳಗ್ಗೆ ಮಂಜು ಬಿಟ್ಟ ಮೇಲೆ ಸಕಲೇಶಪುರ ದಾಟಿ. ಕತ್ತಲಾದ ಮೇಲೆ ಆಲೂರು-ಸಕಲೇಶಪುರ ಮಧ್ಯೆ ಆನೆಯೂ ಇರುತ್ತದೆ, ನಿಮಗೆ ಹೇಳಬೇಕಿಲ್ಲ. ಹಾಸನ ಮತ್ತು ದಕ್ಷಿಣ ಕನ್ನಡ ಎರಡೂ ಜಿಲ್ಲಾಡಳಿತದ ಪ್ರಕಟಣೆ ನೋಡಿ. ಒಂದು ಕಡೆ ಬಿಟ್ಟು ಇನ್ನೊಂದು ಕಡೆ ನಿಲ್ಲಿಸಿದ್ದರೆ ಗುಂಡ್ಯದಲ್ಲೇ ಕೂರಬೇಕಾಗುತ್ತದೆ. ಶಿರಾಡಿ ಮುಚ್ಚಿದ್ದರೆ ಚಿಕ್ಕ ಕಾರಿಗೆ ಚಾರ್ಮಾಡಿ ಬಿಟ್ಟಿದ್ದಾರಾ ಕೇಳಿ. ಇಲ್ಲದಿದ್ದರೆ ಕುಶಾಲನಗರ, ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು ಆಗಿ ಮಾಣಿಗೆ. ದೂರ ಜಾಸ್ತಿ, ಅರ್ಧ ದಿನ ಇಟ್ಟುಕೊಳ್ಳಿ.

ಮೂರೂ ಘಾಟಿಯಲ್ಲಿ ಜೋರು ಮಳೆ ಅಂತ ಸುದ್ದಿ ಬಂದರೆ ಮಗಳಿಗೆ ಅಲ್ಲೇ ಎರಡು ದಿನ ಇರು ಅಂತ ಹೇಳಿ. ರೈಲು ಇದೆಯಲ್ಲ ಅಂತಲೂ ಹೊರಡಿಸಬೇಡಿ, ಅದೂ ಇದೇ ಘಟ್ಟ ಹತ್ತಿ ಬರಬೇಕು.